ಬಾನುಲಿ ಮತ್ತು ನಾಡಿನ ಅಭಿವೃದ್ಧಿ: ಭದ್ರಾ ಬಯಲಿನಿಂದ ಜಗಳೂರಿನವರೆಗೆ

ಬೇಸಾಯ, ಆರೋಗ್ಯ, ಶಿಕ್ಷಣ, ಆಡಳಿತ ಇವುಗಳ ಬಗ್ಗೆ ಜನರಿಗೆ ಬೇಕಾದ ತಿಳಿವಳಿಕೆಯನ್ನು ಅವರ ಮಾತಿನಲ್ಲೇ, ಬೇಕಾದ ಹೊತ್ತಿಗೆ ಮುಟ್ಟಿಸಲು ರೇಡಿಯೋವನ್ನು ಬಳಸುವ ಕ್ರಮಕ್ಕೆ ಅಭಿವೃದ್ಧಿ ಪ್ರಸಾರವೆಂದು ಹೆಸರು. ಓದು ಬಾರದವರಿಗೂ ಇದು ದಕ್ಕುತ್ತದೆ. ವಿದ್ಯುತ್ ಇಲ್ಲದ ಊರಿನಲ್ಲೂ ಎರಡು ಸೆಲ್ ಹಾಕಿದರೆ ಮಾತಾಡುತ್ತದೆ. ಕಳೆ ಕೀಳುತ್ತಲೋ ಹಾಲು ಕರೆಯುತ್ತಲೋ ಕೇಳಬಹುದು. ಭಾರತದಲ್ಲಿ ಈ ಕೆಲಸದ ಬಹುಪಾಲನ್ನು ಹೊತ್ತದ್ದು ಆಕಾಶವಾಣಿ. 2000ದ ನಂತರ ಸಮುದಾಯ ಬಾನುಲಿ ಕೇಂದ್ರಗಳೂ ಕೈಜೋಡಿಸಿವೆ.

ದೇಶದ ಒಟ್ಟು ಚಿತ್ರವನ್ನು ದೆಹಲಿಯಿಂದ ನೋಡುವುದು ಒಂದು ದಾರಿ. ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳಲ್ಲಿ ನಿಂತು ನೋಡುವುದು ಇನ್ನೊಂದು. ನೀರು ಕಂಡ ನೆಲ, ನೀರಿಗೆ ಕಾದ ನೆಲ ಎರಡೂ ಇಲ್ಲಿ ಒಂದೇ ಜಿಲ್ಲಾಧಿಕಾರಿಯ ಕೈಕೆಳಗಿವೆ. ರೇಡಿಯೋ ಏನು ಮಾಡಬಲ್ಲದು, ಎಲ್ಲಿ ಸೋಲುತ್ತದೆ ಎಂಬೆರಡನ್ನೂ ಈ ನಾಲ್ಕು ತಾಲ್ಲೂಕುಗಳ ಮೇಲೆ ಪರೀಕ್ಷಿಸಿ ನೋಡಬಹುದು.

ನಾಲ್ಕು ತಾಲ್ಲೂಕು, ಎರಡು ನಿಲಯ

ದಾವಣಗೆರೆ ಜಿಲ್ಲೆ ಹುಟ್ಟಿದ್ದು 1997ರ ಆಗಸ್ಟ್ 15ರಂದು. ಅದಕ್ಕೆ ಮೊದಲು ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗ ಜಿಲ್ಲೆಯಲ್ಲಿದ್ದವು, ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ನ್ಯಾಮತಿ ಹೊನ್ನಾಳಿಯಿಂದ ಬೇರ್ಪಟ್ಟು ಪ್ರತ್ಯೇಕ ತಾಲ್ಲೂಕಾದದ್ದು ಇತ್ತೀಚೆಗೆ. ಆಡಳಿತದ ಗೆರೆಗಳು ಬದಲಾದರೂ ಬಾನುಲಿಯ ಹಳೆಯ ಭೂಪಟ ಅಷ್ಟು ಬೇಗ ಬದಲಾಗಲಿಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿಗಳಿಗೆ ಹತ್ತಿರದ ನಿಲಯ 1965ರಲ್ಲಿ ಆರಂಭವಾದ ಭದ್ರಾವತಿ ಆಕಾಶವಾಣಿ. ಜಗಳೂರಿಗೆ ಹತ್ತಿರದ್ದು ಚಿತ್ರದುರ್ಗದ ಎಫ್ಎಂ ನಿಲಯ.

ಎರಡೂ ನಿಲಯಗಳ ಹಿನ್ನೆಲೆ ಬೇರೆ. ಭದ್ರಾವತಿ ಕಬ್ಬಿಣ ಮತ್ತು ಕಾಗದದ ಕಾರ್ಖಾನೆಗಳ ಊರು. 675 ಕಿಲೋಹರ್ಟ್ಸ್‌ನ ಮಧ್ಯಮ ತರಂಗದಲ್ಲಿ ಮಾತಾಡುತ್ತಿದ್ದ ಆ ನಿಲಯ ಮಲೆನಾಡಿಗೂ ಬಯಲುಸೀಮೆಗೂ ಒಟ್ಟೊಟ್ಟಿಗೆ ಕಾರ್ಯಕ್ರಮ ಕೊಡಬೇಕಿತ್ತು. ಚಿತ್ರದುರ್ಗದ್ದು ಸ್ಥಳೀಯ ನಿಲಯಗಳ ತಲೆಮಾರಿಗೆ ಸೇರಿದ್ದು. 1984ರಲ್ಲಿ ತಮಿಳುನಾಡಿನ ನಾಗರಕೋಯಿಲ್‌ನಲ್ಲಿ ಮೊದಲ ಸ್ಥಳೀಯ ನಿಲಯ ತೆರೆದ ಮೇಲೆ, ಒಂದು ಜಿಲ್ಲೆಗೆ ಒಂದು ನಿಲಯವಿದ್ದು ಅದು ಆ ಜಿಲ್ಲೆಯ ಮಾತನ್ನೇ ಆಡಬೇಕು ಎಂಬ ಯೋಚನೆ ದೇಶದಲ್ಲಿ ಬೇರೂರಿತು. ಹಾಸನ, ಚಿತ್ರದುರ್ಗ, ಮಡಿಕೇರಿ ಮೊದಲಾದ ನಿಲಯಗಳು ಆ ಯೋಚನೆಯ ಫಲ.

ಕೇಳುಗರ ಅಗತ್ಯಗಳೂ ಅಷ್ಟೇ ಬೇರೆ. ಲಕ್ಕವಳ್ಳಿಯ ಭದ್ರಾ ಜಲಾಶಯದ ನಾಲೆಗಳು ಹರಿದ ಮೇಲೆ ಚನ್ನಗಿರಿ, ಹೊನ್ನಾಳಿ ಭಾಗದಲ್ಲಿ ಭತ್ತ ಬೆಳೆಯಿತು, ಅದರ ಬೆನ್ನಿಗೆ ಅಡಿಕೆ ತೋಟಗಳು ಎದ್ದವು. ಚನ್ನಗಿರಿಯ ತುಮ್ಕೋಸ್ ಇಂದು ನಾಡಿನ ಹೆಸರಾಂತ ಅಡಿಕೆ ಸಹಕಾರ ಸಂಘಗಳಲ್ಲಿ ಒಂದು. ಇದೇ ತಾಲ್ಲೂಕಿನಲ್ಲಿ ಸೂಳೆಕೆರೆ, ಅಂದರೆ ಶಾಂತಿಸಾಗರವೂ ಇದೆ. ಇಲ್ಲಿಯ ರೈತನ ಪ್ರಶ್ನೆಗಳು ನೀರಿನ ಸುತ್ತ ತಿರುಗುತ್ತವೆ. ಡ್ಯಾಂ ಎಷ್ಟು ಅಡಿ ತುಂಬಿದೆ, ನಾಲೆಗೆ ಯಾವತ್ತು ನೀರು ಬಿಡುತ್ತಾರೆ, ಕೊನೆ ಭಾಗಕ್ಕೆ ಮುಟ್ಟುತ್ತದೆಯೋ ಇಲ್ಲವೋ. ಜಗಳೂರಿನಲ್ಲಿ ಮೆಕ್ಕೆಜೋಳ, ಶೇಂಗಾ, ಈರುಳ್ಳಿ. ಅಲ್ಲಿ ಮಳೆಯೇ ಮೊದಲ ಪ್ರಶ್ನೆ, ಕೊಳವೆಬಾವಿ ಎರಡನೆಯದು, ಸಾಲ ಮೂರನೆಯದು. ಭತ್ತದ ಸಸಿಮಡಿಯ ಬಗ್ಗೆ ಎಷ್ಟೇ ಚೆನ್ನಾದ ಭಾಷಣ ಪ್ರಸಾರವಾದರೂ ಜಗಳೂರಿನ ರೈತನಿಗೆ ಅದರಿಂದ ಉಪಯೋಗವಿಲ್ಲ.

ಮೈಸೂರಿನ 30 ವ್ಯಾಟ್

ಕನ್ನಡ ನಾಡಿನಲ್ಲಿ ಬಾನುಲಿ ಆರಂಭವಾದದ್ದೇ ಶಿಕ್ಷಣದ ಉದ್ದೇಶದಿಂದ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರ್ 10ರಂದು ಒಂಟಿಕೊಪ್ಪಲಿನ ತಮ್ಮ ಮನೆ ‘ವಿಠ್ಠಲ ವಿಹಾರ’ದಿಂದ 30 ವ್ಯಾಟ್‌ನ ಪುಟ್ಟ ಪ್ರೇಷಕ ಇಟ್ಟು ಪ್ರಸಾರ ಶುರುಮಾಡಿದರು. ಆ ನಿಲಯವೇ ‘ಆಕಾಶವಾಣಿ’. ಇಡೀ ದೇಶದ ಸರ್ಕಾರಿ ಬಾನುಲಿ ಮುಂದೆ ಅದೇ ಹೆಸರನ್ನು ತನ್ನದಾಗಿಸಿಕೊಂಡಿತು. 1940ರ ದಶಕದ ಆರಂಭದಲ್ಲಿ ಮೈಸೂರು ಸಂಸ್ಥಾನ ನಿಲಯದ ಹೊಣೆ ಹೊತ್ತಿತು. 1950ರಲ್ಲಿ ಅದು ಆಲ್ ಇಂಡಿಯಾ ರೇಡಿಯೋಗೆ ಸೇರಿತು.

ಅತ್ತ ಬ್ರಿಟಿಷ್ ಭಾರತದಲ್ಲಿ 1927ರ ಜುಲೈ 23ರಂದು ಮುಂಬಯಿಯಲ್ಲಿ ಖಾಸಗಿ ಕಂಪನಿಯೊಂದು ನಿಯಮಿತ ಪ್ರಸಾರ ಆರಂಭಿಸಿ, ನಷ್ಟವಾಗಿ ಮುಚ್ಚಿತ್ತು. ಸರ್ಕಾರ ಅದನ್ನು ಕೈಗೆತ್ತಿಕೊಂಡ ಮೇಲೆ 1936ರ ಜೂನ್ 8ರಂದು ಆಲ್ ಇಂಡಿಯಾ ರೇಡಿಯೋ ಎಂಬ ಹೆಸರು ಬಂತು. ಸ್ವಾತಂತ್ರ್ಯ ಬಂದಾಗ ದೇಶದ ಪಾಲಿಗೆ ಉಳಿದದ್ದು 6 ನಿಲಯ, 18 ಪ್ರೇಷಕ. ಅವು ಮುಟ್ಟುತ್ತಿದ್ದುದು ದೇಶದ ನೆಲದ ಶೇ. 2.5ರಷ್ಟನ್ನು, ಜನರಲ್ಲಿ ಶೇ. 11ರಷ್ಟನ್ನು. ಆ ಆರರಲ್ಲಿ ಕನ್ನಡ ನೆಲದ್ದು ಒಂದೂ ಇರಲಿಲ್ಲ.

1950ರ ಜನವರಿ 8ರಂದು ಧಾರವಾಡ ನಿಲಯ, 1955ರ ನವೆಂಬರ್ 2ರಂದು ಬೆಂಗಳೂರು ನಿಲಯ, 1965ರಲ್ಲಿ ಭದ್ರಾವತಿ, ಮರುವರ್ಷ ಕಲಬುರಗಿ, 1976ರಲ್ಲಿ ಮಂಗಳೂರು. ನಿಲಯಗಳು ಹೆಚ್ಚಿದಂತೆ ಅವಕ್ಕೆ ಬೇಕಾದ ಯಂತ್ರಗಳೂ ಇಲ್ಲಿಯೇ ತಯಾರಾಗತೊಡಗಿದವು. 1954ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಬಿಇಎಲ್ ಕಾರ್ಖಾನೆ ಆಕಾಶವಾಣಿಗೆ ಪ್ರೇಷಕಗಳನ್ನು ಕಟ್ಟಿಕೊಟ್ಟಿತು. ಬಾನುಲಿ ನಾಡಿನ ಏಳಿಗೆಯ ಮಾತಾಡುತ್ತಿದ್ದ ಹೊತ್ತಿನಲ್ಲೇ ಎಲೆಕ್ಟ್ರಾನಿಕ್ ಉದ್ಯಮವೊಂದಕ್ಕೆ ಕೆಲಸವನ್ನೂ ಒದಗಿಸಿತು.

ಪುಣೆಯ ಪಾಠ

ಎರಡನೆಯ ಮಹಾಯುದ್ಧದ ನಂತರ ಹೊಸದಾಗಿ ಸ್ವತಂತ್ರವಾದ ದೇಶಗಳಲ್ಲಿ ರೇಡಿಯೋ ಮೇಲೆ ಅಪಾರ ನಂಬಿಕೆ ಇತ್ತು. ಅಮೆರಿಕದ ಸಮಾಜಶಾಸ್ತ್ರಜ್ಞ ಡೇನಿಯಲ್ ಲರ್ನರ್ 1958ರಲ್ಲಿ, ಸಂವಹನ ತಜ್ಞ ವಿಲ್ಬರ್ ಶ್ರಾಮ್ 1964ರಲ್ಲಿ ಪ್ರಕಟಿಸಿದ ಪುಸ್ತಕಗಳು ಆ ನಂಬಿಕೆಗೆ ಸಿದ್ಧಾಂತದ ಬಲ ಕೊಟ್ಟವು. ಪ್ರತಿ 100 ಜನರಿಗೆ ಕನಿಷ್ಠ 5 ರೇಡಿಯೋ ಇರಬೇಕೆಂದು ಯುನೆಸ್ಕೊ ಅಳತೆಗೋಲು ಹಾಕಿತು. ಸೆಟ್ಟುಗಳ ಸಂಖ್ಯೆ ಏರಿದರೆ ಸಾಕು, ಮಿಕ್ಕದ್ದು ತಾನಾಗಿಯೇ ಆಗುತ್ತದೆ ಎಂದು ಹಲವರು ಎಣಿಸಿದ್ದರು.

ಆ ಎಣಿಕೆಯನ್ನು ಒರೆಗೆ ಹಚ್ಚಿದ್ದು ನಮ್ಮ ನೆರೆಯ ಪುಣೆ. 1956ರ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಯುನೆಸ್ಕೊ ನೆರವಿನಲ್ಲಿ ಆಕಾಶವಾಣಿ ಆಗಿನ ಮುಂಬಯಿ ರಾಜ್ಯದ ಐದು ಜಿಲ್ಲೆಗಳ ಸುಮಾರು 150 ಹಳ್ಳಿಗಳಲ್ಲಿ ರೇಡಿಯೋ ಗ್ರಾಮ ವೇದಿಕೆಗಳನ್ನು ಕಟ್ಟಿತು. ಪ್ರತಿ ವೇದಿಕೆಯಲ್ಲಿ ಹೆಚ್ಚುಕಡಿಮೆ 20 ಜನ. ವಾರಕ್ಕೆರಡು ಸಲ ಸೇರಿ ಅರ್ಧ ಗಂಟೆಯ ಕಾರ್ಯಕ್ರಮ ಕೇಳುವುದು, ಕೇಳಿದ ಮೇಲೆ ಚರ್ಚಿಸುವುದು, ಹುಟ್ಟಿದ ಪ್ರಶ್ನೆಗಳನ್ನು ನಿಲಯಕ್ಕೆ ಬರೆದು ಕಳಿಸುವುದು. ನಿಲಯ ಮುಂದಿನ ಪ್ರಸಾರಗಳಲ್ಲಿ ಉತ್ತರ ಕೊಡಬೇಕು. 1941ರಲ್ಲಿ ಕೆನಡಾದ ರೈತರ ನಡುವೆ ಶುರುವಾದ ಕೃಷಿ ವೇದಿಕೆಗಳೇ ಇದಕ್ಕೆ ಮಾದರಿ.

ಟಾಟಾ ಸಮಾಜ ವಿಜ್ಞಾನ ಸಂಸ್ಥೆ ನಡೆಸಿದ ಮೌಲ್ಯಮಾಪನದ ಹೊಣೆ ಸಮಾಜಶಾಸ್ತ್ರಜ್ಞ ಪಾಲ್ ನ್ಯೂರಾತ್ ಅವರದು. ಅವರು ಮೂರು ಬಗೆಯ ಹಳ್ಳಿಗಳನ್ನು ಹೋಲಿಸಿದರು: ವೇದಿಕೆ ಇದ್ದವು, ರೇಡಿಯೋ ಇದ್ದೂ ವೇದಿಕೆ ಇಲ್ಲದವು, ರೇಡಿಯೋ ಕೂಡ ಇಲ್ಲದವು. ಫಲಿತಾಂಶ ಸ್ಪಷ್ಟವಾಗಿತ್ತು. ವೇದಿಕೆ ಇದ್ದ ಹಳ್ಳಿಗಳಲ್ಲಿ ತಿಳಿವಳಿಕೆ ಗಣನೀಯವಾಗಿ ಏರಿತ್ತು. ಬರೀ ರೇಡಿಯೋ ಇದ್ದ ಹಳ್ಳಿಗಳು ಅದರ ಹತ್ತಿರಕ್ಕೂ ಬರಲಿಲ್ಲ. ಪೆಟ್ಟಿಗೆ ತಾನೇ ಏನನ್ನೂ ಬದಲಿಸದು. ಕೇಳಿದವರು ಕೂಡಿ ಮಾತಾಡಿ, ಮರುಪ್ರಶ್ನೆ ಹಾಕಿ, ಉತ್ತರ ಪಡೆಯುವ ಏರ್ಪಾಟಿದ್ದಾಗಲೇ ಬಾನುಲಿ ಊರಿನ ಕೆಲಸಕ್ಕೆ ಬರುತ್ತದೆ ಎಂಬುದು ಈ ಪ್ರಯೋಗದ ತಿರುಳು. ಮುಂದಿನ ಅರವತ್ತು ವರ್ಷಗಳ ಅನುಭವ ಇದನ್ನು ಪದೇ ಪದೇ ದೃಢಪಡಿಸಿದೆ.

1959ರಲ್ಲಿ ವೇದಿಕೆಗಳು ದೇಶವ್ಯಾಪಿ ಯೋಜನೆಯಾದವು. ಕಾಗದದ ಮೇಲೆ ಸಂಖ್ಯೆ ಬೆಳೆಯಿತು. ಹಳ್ಳಿಗಳಲ್ಲಿ ಪಂಚಾಯಿತಿ ರೇಡಿಯೋ ಕೆಟ್ಟರೆ ರಿಪೇರಿ ಮಾಡುವವರಿರಲಿಲ್ಲ, ಬ್ಯಾಟರಿಗೆ ದುಡ್ಡಿರಲಿಲ್ಲ, ಸಭೆ ಕರೆಯಬೇಕಾದ ಬ್ಲಾಕ್ ಸಿಬ್ಬಂದಿಗೆ ನೂರು ಬೇರೆ ಕೆಲಸ. ಪುಣೆಯಲ್ಲಿ ಮೂರು ತಿಂಗಳು ಮುತುವರ್ಜಿಯಿಂದ ನಡೆದದ್ದು ದೇಶದುದ್ದಕ್ಕೂ ವರ್ಷಗಟ್ಟಲೆ ನಡೆಯಲಿಲ್ಲ.

ಕೃಷಿರಂಗ

ವೇದಿಕೆಗಳು ಸೊರಗಿದರೂ ಕೃಷಿ ಪ್ರಸಾರ ಗಟ್ಟಿಯಾಗುತ್ತಲೇ ಹೋಯಿತು. ಹವಾಮಾನ ಇಲಾಖೆ 1945ರಲ್ಲೇ ರೈತರಿಗಾಗಿ ಹವಾಮಾನ ವಾರ್ತೆಯನ್ನು ರೇಡಿಯೋ ಮೂಲಕ ಕೊಡಲು ಆರಂಭಿಸಿತ್ತು. ಹಸಿರು ಕ್ರಾಂತಿಯ ಬೀಜಗಳು ಬಂದ 1966ರಲ್ಲಿ ಆಕಾಶವಾಣಿ ಕೆಲವು ನಿಲಯಗಳಲ್ಲಿ ಕೃಷಿ ಮತ್ತು ಗೃಹ ವಿಭಾಗಗಳನ್ನು ತೆರೆಯಿತು. ತಂಜಾವೂರಿನಲ್ಲಿ ಎಡಿಟಿ-27 ಎಂಬ ಭತ್ತದ ತಳಿಯನ್ನು ತಿರುಚಿರಾಪಳ್ಳಿ ನಿಲಯದಿಂದ ಕೇಳಿ ತಿಳಿದ ರೈತರು ಅದನ್ನು ‘ರೇಡಿಯೋ ಭತ್ತ’ ಎಂದೇ ಕರೆದರು. ಈ ಕತೆಯನ್ನು ಇಂದಿಗೂ ಸಂವಹನ ಶಾಸ್ತ್ರದ ಪಠ್ಯಗಳು ಹೇಳುತ್ತವೆ.

ಕರ್ನಾಟಕದ ನಿಲಯಗಳಲ್ಲಿ ಸಂಜೆಯ ‘ಕೃಷಿರಂಗ’ ಈ ಪರಂಪರೆಯದು. ಒಣ ಉಪನ್ಯಾಸ ಕೇಳುಗರನ್ನು ಹಿಡಿದಿಡದು ಎಂಬುದನ್ನು ಗ್ರಾಮೀಣ ವಿಭಾಗದವರು ಬೇಗ ಕಂಡುಕೊಂಡರು. ಊರ ಕಟ್ಟೆಯ ಮಾತಿನ ಧಾಟಿಯಲ್ಲಿ ಇಬ್ಬರು ಮೂವರು ಪಾತ್ರಗಳು ಹರಟುತ್ತ ಗೊಬ್ಬರದ ಲೆಕ್ಕ, ಸಾಲದ ನಿಯಮ ಹೇಳುವ ಶೈಲಿ ಹುಟ್ಟಿತು. ಬೆಂಗಳೂರು ನಿಲಯದ ರಂಗಕರ್ಮಿ ಎ.ಎಸ್. ಮೂರ್ತಿ ‘ಆಕಾಶವಾಣಿ ಈರಣ್ಣ’ ಎಂದೇ ನಾಡಿಗೆಲ್ಲ ಪರಿಚಿತರಾದರು. ಬ್ರಿಟನ್ನಿನಲ್ಲೂ ಹೀಗೇ ಆಯಿತು. ಯುದ್ಧಾನಂತರದ ಆಹಾರ ಕೊರತೆಯ ದಿನಗಳಲ್ಲಿ ರೈತರಿಗೆ ಹೊಸ ವಿಧಾನ ಮುಟ್ಟಿಸಲೆಂದು ಬಿಬಿಸಿ 1951ರಲ್ಲಿ ದೇಶಕ್ಕೆಲ್ಲ ಪ್ರಸಾರ ಆರಂಭಿಸಿದ ‘ದಿ ಆರ್ಚರ್ಸ್’ ಧಾರಾವಾಹಿ ಇಂದಿಗೂ ನಡೆಯುತ್ತಿದೆ.

ಮುಂದಿನ ಹೆಜ್ಜೆ ಬಾನುಲಿ ಕೃಷಿ ಶಾಲೆ. ಕೃಷಿ ವಿಶ್ವವಿದ್ಯಾಲಯದ ತಜ್ಞರು ಒಂದು ಬೆಳೆಯನ್ನು ಹಿಡಿದು ಬಿತ್ತನೆಯಿಂದ ಒಕ್ಕಣೆವರೆಗೆ ಪಾಠಗಳ ಸರಣಿ ಕೊಡುತ್ತಾರೆ. ರೈತರು ಹೆಸರು ನೋಂದಾಯಿಸಿ ಕೇಳುತ್ತಾರೆ, ಪ್ರಶ್ನೆಗಳಿಗೆ ಉತ್ತರ ಬರೆದು ಕಳಿಸುತ್ತಾರೆ. ಪುಣೆಯ ವೇದಿಕೆಯಲ್ಲಿದ್ದ ಮರುಮಾತಿನ ಅಂಶ ಇಲ್ಲಿ ಅಂಚೆಯ ಮೂಲಕ ಮರಳಿ ಬಂತು. 2004ರ ಫೆಬ್ರವರಿಯಲ್ಲಿ ಆರಂಭವಾದ ‘ಕಿಸಾನ್ ವಾಣಿ’ ಸ್ಥಳೀಯ ಮಾರುಕಟ್ಟೆ ದರ, ಹವಾಮಾನ, ನಿತ್ಯದ ಸಲಹೆಗಳಿಗೆ ಪ್ರತ್ಯೇಕ ಸಮಯ ಕೊಟ್ಟಿತು. ಫೋನ್ ಇನ್ ಕಾರ್ಯಕ್ರಮಗಳು ಬಂದ ಮೇಲಂತೂ ರೈತ ಹೊಲದ ಬದುವಿನಿಂದಲೇ ತಜ್ಞರನ್ನು ಕೇಳಬಲ್ಲವನಾದ.

ಈ ಸೀಮೆಯ ನಿಲಯಗಳಿಗೆ ತಜ್ಞರ ಬರವಿಲ್ಲ. ಶಿವಮೊಗ್ಗದ ನವಿಲೆಯ ಕೃಷಿ ಕಾಲೇಜು, ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆಯ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರ, ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರ ಎಲ್ಲವೂ ಹತ್ತಿರದಲ್ಲಿವೆ. ಕತ್ತಲಗೆರೆಯ ಭತ್ತದ ತಾಕಿನಲ್ಲಿ ಕಂಡದ್ದು ಹೊನ್ನಾಳಿಯ ಗದ್ದೆಗೆ ಮುಟ್ಟಲು ಕೃಷಿ ಅಧಿಕಾರಿಯ ಭೇಟಿಗೆ ಕಾಯಬೇಕಿಲ್ಲ, ಅದೇ ಸಂಜೆಯ ಪ್ರಸಾರ ಸಾಕು.

ವೇಗ ಎಷ್ಟು ಮುಖ್ಯವೆಂದು ತೋರಿಸಿದ್ದು 2018. ಅಮೆರಿಕ ಖಂಡದ ಮೂಲದ, ಆಫ್ರಿಕಾದ ಮೆಕ್ಕೆಜೋಳವನ್ನು ಹಾಳುಮಾಡಿದ್ದ ಫಾಲ್ ಸೈನಿಕ ಹುಳುವನ್ನು ಆ ವರ್ಷದ ಮೇ ತಿಂಗಳಲ್ಲಿ ದೇಶದಲ್ಲೇ ಮೊದಲ ಬಾರಿಗೆ ಗುರುತಿಸಿದ್ದು ಶಿವಮೊಗ್ಗದ ಹೊಲಗಳಲ್ಲಿ. ಮೆಕ್ಕೆಜೋಳವನ್ನೇ ನೆಚ್ಚಿದ ದಾವಣಗೆರೆ ಜಿಲ್ಲೆ ಅದರ ಪಕ್ಕದಲ್ಲೇ ಇದೆ. ಹಗಲು ಸುಳಿಯೊಳಗೆ ಅಡಗಿರುವ ಈ ಹುಳುವಿಗೆ ಔಷಧಿಯನ್ನು ಮುಂಜಾನೆ ಅಥವಾ ಸಂಜೆ, ಸುಳಿಗೇ ಬೀಳುವಂತೆ ಸಿಂಪಡಿಸಬೇಕು. ಮರಿಹುಳು ಸಣ್ಣದಿರುವಾಗಲೇ ಮಾಡಬೇಕು. ಒಂದು ವಾರ ತಡವಾದರೆ ಔಷಧಿಯ ಖರ್ಚು ವ್ಯರ್ಥ. ಮೂರು ವಾಕ್ಯದ ಈ ಸಲಹೆಯನ್ನು ಒಂದೇ ದಿನದಲ್ಲಿ ಇಡೀ ತಾಲ್ಲೂಕಿಗೆ ಹೇಳಬಲ್ಲ ಮಾಧ್ಯಮ ಬಾನುಲಿ.

ಶಾಲೆ, ಮನೆ, ಆಸ್ಪತ್ರೆ

ಕೊಲಂಬಿಯಾದ ಸುತತೆನ್ಸಾ ಎಂಬ ಬೆಟ್ಟದೂರಿನಲ್ಲಿ 1947ರಲ್ಲಿ ಪಾದ್ರಿ ಹೋಸೆ ಹೊವಾಕಿನ್ ಸಾಲ್ಸೆದೊ ಆರಂಭಿಸಿದ ರೇಡಿಯೋ ಶಾಲೆ ಲ್ಯಾಟಿನ್ ಅಮೆರಿಕದ ರೈತರಿಗೆ ಅಕ್ಷರ ಕಲಿಸಿತು. ನಿಕರಾಗುವದಲ್ಲಿ 1970ರ ದಶಕದಲ್ಲಿ ಮಕ್ಕಳು ರೇಡಿಯೋ ಕೇಳುತ್ತ, ಅದು ಕೇಳಿದ ಪ್ರಶ್ನೆಗೆ ಜೋರಾಗಿ ಉತ್ತರಿಸುತ್ತ ಗಣಿತ ಕಲಿತರು. ಕರ್ನಾಟಕದ ಸರ್ಕಾರಿ ಶಾಲೆಗಳಿಗೆ ಬಂದ ‘ಕೇಳಿ ಕಲಿ’, ‘ಚುಕ್ಕಿ ಚಿನ್ನ’ ಕಾರ್ಯಕ್ರಮಗಳ ಹಿಂದಿರುವುದು ಇದೇ ವಿಧಾನ. ಪಾತ್ರಗಳು ಹಾಡುತ್ತವೆ, ಪ್ರಶ್ನೆ ಕೇಳಿ ಕೆಲ ಕ್ಷಣ ಸುಮ್ಮನಾಗುತ್ತವೆ, ಆ ಹೊತ್ತಿನಲ್ಲಿ ಮಕ್ಕಳು ಉತ್ತರಿಸಬೇಕು. ಒಬ್ಬರೇ ಮೇಷ್ಟ್ರು ಮೂರು ನಾಲ್ಕು ತರಗತಿ ನೋಡಿಕೊಳ್ಳುವ ಹಳ್ಳಿ ಶಾಲೆಗೆ ಇಂಥ ಅರ್ಧ ಗಂಟೆ ದೊಡ್ಡ ಆಸರೆ. ಮೇಷ್ಟ್ರು ಪಕ್ಕದಲ್ಲಿ ನಿಂತು ಪಾಠವನ್ನು ಮುಂದುವರಿಸಿದ ಶಾಲೆಗಳಲ್ಲೇ ಇದರ ಲಾಭ ಹೆಚ್ಚು. ಸೆಟ್ಟು ಹಚ್ಚಿಟ್ಟು ಆಫೀಸಿಗೆ ಹೋದಲ್ಲಿ ಅದು ಬರೀ ಸದ್ದು.

ಆರೋಗ್ಯದ ವಿಷಯದಲ್ಲಿ ಬಾನುಲಿಯ ಅನುಕೂಲ ಇನ್ನೊಂದು ಬಗೆಯದು. ಕುಟುಂಬ ಯೋಜನೆ, ಹೆರಿಗೆ, ಕುಷ್ಠ, ಕ್ಷಯ ಇವೆಲ್ಲ ನಾಲ್ಕು ಜನರ ಎದುರು ಕೇಳಲು ಸಂಕೋಚವಾಗುವ ವಿಷಯಗಳು. ಮನೆಯೊಳಗೇ ಬರುವ ದನಿಗೆ ಆ ಅಡ್ಡಿ ಇಲ್ಲ. ನಿಲಯಗಳ ಮಹಿಳಾ ಕಾರ್ಯಕ್ರಮಗಳಲ್ಲಿ ವೈದ್ಯರ ಸಂದರ್ಶನಗಳು, ಲಸಿಕೆ ದಿನಗಳ ಪ್ರಕಟಣೆಗಳು ದಶಕಗಳಿಂದ ಬರುತ್ತಿವೆ. ಆಕಾಶವಾಣಿ 1996–97ರಲ್ಲಿ ಪ್ರಸಾರ ಮಾಡಿದ ಹಿಂದಿ ಧಾರಾವಾಹಿ ‘ತಿನಕಾ ತಿನಕಾ ಸುಖ್’ ಕೇಳಿದ ಉತ್ತರ ಪ್ರದೇಶದ ಲುತ್ಸಾನ್ ಎಂಬ ಹಳ್ಳಿಯವರು ವರದಕ್ಷಿಣೆ ಕೊಡುವುದಿಲ್ಲ, ತೆಗೆದುಕೊಳ್ಳುವುದಿಲ್ಲ ಎಂದು ಸಹಿ ಹಾಕಿ ನಿಲಯಕ್ಕೆ ಪತ್ರ ಬರೆದರು. ಆ ಊರಿನಲ್ಲೂ ಜನ ಒಟ್ಟಿಗೆ ಕೂತು ಕೇಳಿ, ಕೇಳಿದ್ದನ್ನು ತಮ್ಮಲ್ಲೇ ಚರ್ಚಿಸಿದ್ದರು.

ಮಾತು ಮತ್ತು ಹಾಡು

ನಾಡಿನ ಅಭಿವೃದ್ಧಿಯನ್ನು ಕ್ವಿಂಟಾಲುಗಳಲ್ಲಷ್ಟೇ ಅಳೆದರೆ ಆಕಾಶವಾಣಿಯ ಅರ್ಧ ಕೆಲಸ ಲೆಕ್ಕಕ್ಕೆ ಸಿಗುವುದಿಲ್ಲ. 1956ರಲ್ಲಿ ಏಕೀಕರಣವಾದಾಗ ಮೈಸೂರು, ಮುಂಬಯಿ, ಹೈದರಾಬಾದ್, ಮದರಾಸು, ಕೊಡಗು ಹೀಗೆ ಐದು ಆಡಳಿತಗಳ ಕನ್ನಡಿಗರು ಒಂದು ರಾಜ್ಯಕ್ಕೆ ಸೇರಿದರು. ಧಾರವಾಡದ ಕನ್ನಡ ಮೈಸೂರಿನವರ ಕಿವಿಗೂ ಮಂಗಳೂರಿನ ಕನ್ನಡ ಬೀದರಿನವರ ಕಿವಿಗೂ ದಿನನಿತ್ಯ ಬಿದ್ದದ್ದು ರೇಡಿಯೋದಿಂದ. ದ.ರಾ. ಬೇಂದ್ರೆ ಧಾರವಾಡ ನಿಲಯಕ್ಕೆ ಸಾಹಿತ್ಯ ಸಲಹೆಗಾರರಾಗಿದ್ದರು, ಮಲ್ಲಿಕಾರ್ಜುನ ಮನ್ಸೂರ್ ಸಂಗೀತ ಸಲಹೆಗಾರರಾಗಿದ್ದರು, ಎನ್ಕೆ ಕುಲಕರ್ಣಿ ಅಲ್ಲಿ ರೇಡಿಯೋ ನಾಟಕಕ್ಕೆ ಒಂದು ರೂಪ ಕೊಟ್ಟರು. ಊರೂರಿನ ಸೋಬಾನೆ, ಭಜನೆ, ಲಾವಣಿಗಳನ್ನು ಹಾಡುವವರು ನಿಲಯಕ್ಕೆ ಬಂದು ಹಾಡಿದರು. ಸಂಭಾವನೆಯ ಚೆಕ್ಕಿನ ಜತೆಗೆ ಅವರಿಗೆ ದಕ್ಕಿದ್ದು ತಮ್ಮ ಹಾಡಿಗೂ ಬೆಲೆಯಿದೆ ಎಂಬ ಮಾನ್ಯತೆ.

ಆದರೆ ಈ ಬಾಗಿಲು ಎಲ್ಲರಿಗೂ ಒಂದೇ ಅಳತೆಯಲ್ಲಿ ತೆರೆದಿಲ್ಲ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಬಂಜಾರರ ಗುರು ಸಂತ ಸೇವಾಲಾಲರ ಜನ್ಮಸ್ಥಳ. ಸುತ್ತಲಿನ ತಾಂಡಾಗಳಲ್ಲಿ ಮನೆಮಾತು ಲಂಬಾಣಿ. ಗ್ರಂಥದ ಕನ್ನಡದಲ್ಲಿ ಹೇಳಿದ ಆರೋಗ್ಯ ಸಲಹೆ ಅಲ್ಲಿಯ ಅಜ್ಜಿಯರಿಗೆ ಪೂರ್ತಿ ಮುಟ್ಟುವುದಿಲ್ಲ. ಮಂಗಳೂರು ನಿಲಯ ತುಳು, ಕೊಂಕಣಿಗೂ ಮಡಿಕೇರಿ ನಿಲಯ ಕೊಡವ ಭಾಷೆಗೂ ಸಮಯ ಮೀಸಲಿಟ್ಟಿವೆ. ಒಳನಾಡಿನ ತಾಂಡಾಗಳ ಮಾತಿಗೂ ಅಂಥದೇ ಪಾಲು ಸಲ್ಲಬೇಕು.

ಸರ್ಕಾರದ ದನಿ ಎಂಬ ಆಕ್ಷೇಪ

ಅಭಿವೃದ್ಧಿ ಪ್ರಸಾರದ ಮೇಲಿನ ದೊಡ್ಡ ಆಕ್ಷೇಪ ಅದರ ಒಡೆತನದ ಬಗ್ಗೆ. 1975ರ ತುರ್ತು ಪರಿಸ್ಥಿತಿಯಲ್ಲಿ ಆಕಾಶವಾಣಿ ಪೂರ್ತಿ ಸರ್ಕಾರದ ಕೊಂಬಾಯಿತು, ‘ಆಲ್ ಇಂದಿರಾ ರೇಡಿಯೋ’ ಎಂಬ ಕುಹಕದ ಹೆಸರನ್ನೂ ಪಡೆಯಿತು. ಸ್ವಾಯತ್ತತೆ ಕೊಡುವ ಪ್ರಸಾರ ಭಾರತಿ ಕಾಯ್ದೆ 1990ರಲ್ಲೇ ಆದರೂ ನಿಗಮ ಅಸ್ತಿತ್ವಕ್ಕೆ ಬರಲು 1997ರ ನವೆಂಬರ್ 23ರವರೆಗೆ ಕಾಯಬೇಕಾಯಿತು. ಖಾಸಗಿ ಎಫ್ಎಂ ಮತ್ತು ಸಮುದಾಯ ಕೇಂದ್ರಗಳು ಸ್ವಂತ ಸುದ್ದಿ ಪ್ರಸಾರ ಮಾಡುವಂತಿಲ್ಲ; ಸುದ್ದಿ ಬೇಕಿದ್ದರೆ ಆಕಾಶವಾಣಿಯದ್ದನ್ನೇ ಮರುಪ್ರಸಾರ ಮಾಡಬೇಕು. ಜನರ ಹಿತಕ್ಕೆಂದು ಇರುವ ಮಾಧ್ಯಮದಲ್ಲಿ ಆಡಳಿತವನ್ನು ಪ್ರಶ್ನಿಸುವ ದನಿಗೆ ಜಾಗ ಕಡಿಮೆ. ನಾಲೆಯ ಕೊನೆ ಭಾಗಕ್ಕೆ ನೀರು ಬಾರದ ರೈತ ಹುಳುವಿನ ಬಗ್ಗೆ ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಷ್ಟು ಸುಲಭವಾಗಿ, ನೀರು ಯಾಕೆ ಬರಲಿಲ್ಲ ಎಂಬ ಪ್ರಶ್ನೆಗೆ ಸಿಗುವುದಿಲ್ಲ.

ಎರಡನೆಯ ತೊಡಕು ಕಚೇರಿಯ ಲಯ. ನಿಲಯದ ಕಾರ್ಯಕ್ರಮಗಳು ಮೂರು ತಿಂಗಳಿಗೊಮ್ಮೆ ಮುಂಚಿತವಾಗಿ ನಿಗದಿಯಾಗುತ್ತವೆ. ಮಳೆ, ರೋಗ, ದರ ಯಾವುದೂ ಆ ವೇಳಾಪಟ್ಟಿಗೆ ಕಾಯುವುದಿಲ್ಲ.

ಅಪಾಯದ ಮುಖವೂ ಇದೆ. 1994ರಲ್ಲಿ ರುವಾಂಡದ ಒಂದು ರೇಡಿಯೋ ಕೇಂದ್ರ ದ್ವೇಷ ಹರಡಿ ನರಮೇಧಕ್ಕೆ ಜನರನ್ನು ಎತ್ತಿಕಟ್ಟಿತು. ಕಿವಿಗೆ ಹತ್ತಿರವಾಗುವ ಶಕ್ತಿ ಯಾರ ಕೈಯಲ್ಲಿದೆ ಎಂಬುದು ಆದ್ದರಿಂದ ಎಂದೂ ಸಣ್ಣ ಪ್ರಶ್ನೆಯಲ್ಲ.

ಊರಿನದೇ ಬಾನುಲಿ

ಗಾಳಿಯ ತರಂಗಗಳು ಸಾರ್ವಜನಿಕ ಆಸ್ತಿ ಎಂದು ಸುಪ್ರೀಂ ಕೋರ್ಟ್ 1995ರ ಫೆಬ್ರವರಿಯಲ್ಲಿ ತೀರ್ಪಿತ್ತಿತು. ಈ ತೀರ್ಪಿನಿಂದ ಎರಡು ಕವಲು ಒಡೆದವು. ಒಂದು ಖಾಸಗಿ ಎಫ್ಎಂ. ದೇಶದ ಮೊದಲ ಇಂಥ ಕೇಂದ್ರ 2001ರ ಜುಲೈಯಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು. ಅದು ನಗರದ ಮನರಂಜನೆಯ ದಾರಿ ಹಿಡಿಯಿತು. ಇನ್ನೊಂದು ಸಮುದಾಯ ಬಾನುಲಿ.

ಸಮುದಾಯ ಬಾನುಲಿಯ ಚರಿತ್ರೆಯಲ್ಲಿ ಕೋಲಾರ ಜಿಲ್ಲೆಯ ಬೂದಿಕೋಟೆಗೆ ವಿಶೇಷ ಸ್ಥಾನವಿದೆ. ಯುನೆಸ್ಕೊ, ಮೈರಾಡಾ, ವಾಯ್ಸಸ್ ಸಂಸ್ಥೆಗಳ ಬೆಂಬಲದಿಂದ ಅಲ್ಲಿ ಹುಟ್ಟಿದ ‘ನಮ್ಮ ಧ್ವನಿ’ಗೆ ಗಾಳಿಯಲ್ಲಿ ಪ್ರಸಾರ ಮಾಡಲು ಪರವಾನಗಿ ಇರಲಿಲ್ಲ. ಊರಿನವರು ತಾವೇ ತಯಾರಿಸಿದ ಕಾರ್ಯಕ್ರಮಗಳನ್ನು ಕೇಬಲ್ ತಂತಿಯ ಮೂಲಕ ಮನೆಮನೆಗೆ ಹರಿಸಿದರು. 2002ರಲ್ಲಿ ಶಿಕ್ಷಣ ಸಂಸ್ಥೆಗಳಿಗೆ, 2006ರಲ್ಲಿ ಸ್ವಯಂಸೇವಾ ಸಂಸ್ಥೆಗಳು ಮತ್ತು ಕೃಷಿ ವಿಜ್ಞಾನ ಕೇಂದ್ರಗಳಿಗೆ ಪರವಾನಗಿಯ ಬಾಗಿಲು ತೆರೆಯಿತು. 2007ರಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯ ತನ್ನದೇ ಕೃಷಿ ಸಮುದಾಯ ಬಾನುಲಿ ಆರಂಭಿಸಿತು. ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಸರಗೂರಿನಲ್ಲಿ ನಡೆಸುವ ‘ಜನಧ್ವನಿ’ ಕಾಡಂಚಿನ ಬುಡಕಟ್ಟು ಜನರನ್ನೂ ಕೇಳುಗರನ್ನಾಗಿ ಪಡೆಯಿತು. ಬೀದರಿಗೆ ಅಂಟಿಕೊಂಡ ಜಹೀರಾಬಾದ್ ಸೀಮೆಯ ಮಾಚನೂರಿನಲ್ಲಿ ದಲಿತ ಮಹಿಳೆಯರೇ ನಡೆಸುವ ‘ಸಂಗಂ ರೇಡಿಯೋ’ 2008ರ ಅಕ್ಟೋಬರ್ 15ರಿಂದ ಸಿರಿಧಾನ್ಯ, ಬೀಜ ಸಂಗ್ರಹ, ಮನೆಮದ್ದುಗಳ ಮಾತಾಡುತ್ತಿದೆ. ಆ ಸೀಮೆಯೂ ಜಗಳೂರಿನಂತೆ ಒಣಬೇಸಾಯದ್ದು.

ಸಮುದಾಯ ಕೇಂದ್ರದ ಶಕ್ತಿ ಸಾಮಾನ್ಯವಾಗಿ 100 ವ್ಯಾಟ್, ಕಂಬದ ಎತ್ತರ 30 ಮೀಟರ್‌ವರೆಗೆ. ಸುತ್ತಲಿನ ಹತ್ತು ಹದಿನೈದು ಕಿಲೋಮೀಟರ್ ಕೇಳಿಸುತ್ತದೆ. ಕಾರ್ಯಕ್ರಮಗಳಲ್ಲಿ ಕನಿಷ್ಠ ಅರ್ಧದಷ್ಟನ್ನು ಸ್ಥಳೀಯರೇ ಭಾಗವಹಿಸಿ ತಯಾರಿಸಬೇಕು ಎಂಬುದು ನಿಯಮ. ಹಣದ ಅಡಚಣೆ ಎಲ್ಲ ಕೇಂದ್ರಗಳಿಗೂ ಇದೆ. ಜಾಹೀರಾತಿಗೆ ಮಿತಿ, ಅನುದಾನಕ್ಕೆ ಕಾಯುವಿಕೆ. ಹಲವು ಕೇಂದ್ರಗಳು ನಡೆಸುವ ಸಂಸ್ಥೆಯ ಉತ್ಸಾಹ ಇರುವಷ್ಟು ದಿನ ಮಾತ್ರ ಚುರುಕಾಗಿರುತ್ತವೆ.

ಇಂದಿನ ಸ್ಥಿತಿ

ಆಕಾಶವಾಣಿಯ ಲೆಕ್ಕದಂತೆ ಅದರ ಪ್ರಸಾರ ಇಂದು ದೇಶದ ಶೇ. 92ರಷ್ಟು ನೆಲವನ್ನೂ ಶೇ. 99ಕ್ಕೂ ಹೆಚ್ಚು ಜನರನ್ನೂ ಮುಟ್ಟಬಲ್ಲದು. ಮುಟ್ಟುವುದು ಬೇರೆ, ಕೇಳುವುದು ಬೇರೆ. ದೂರದರ್ಶನ ಬಂದಾಗ ಕುಂದಿದ ಕೇಳುಗರು ಮೊಬೈಲ್ ಬಂದ ಮೇಲೆ ಇನ್ನೊಂದು ರೀತಿಯಲ್ಲಿ ಮರಳಿದರು. ಅಗ್ಗದ ಕೀಪ್ಯಾಡ್ ಫೋನುಗಳಲ್ಲಿ ಇಯರ್‌ಫೋನ್ ತಂತಿಯನ್ನೇ ಆಂಟೆನಾ ಮಾಡಿಕೊಂಡ ಎಫ್ಎಂ ಇತ್ತು. ಹೊಸ ಸ್ಮಾರ್ಟ್‌ಫೋನುಗಳಲ್ಲಿ ಅದು ಮರೆಯಾಗತೊಡಗಿದಾಗ, ಎಫ್ಎಂ ಸೌಲಭ್ಯ ಉಳಿಸಬೇಕೆಂದು ಕೇಂದ್ರ ಸರ್ಕಾರ 2023ರಲ್ಲಿ ತಯಾರಕರಿಗೆ ಸಲಹಾ ಪತ್ರ ಹೊರಡಿಸಿತು. ಮಧ್ಯಮ ತರಂಗದ ಹಳೆಯ ಪ್ರೇಷಕಗಳು ಒಂದೊಂದಾಗಿ ನಿವೃತ್ತಿಯಾಗುತ್ತಿವೆ. ಬೆಂಗಳೂರು, ಧಾರವಾಡದಂಥ ದೊಡ್ಡ ನಿಲಯಗಳಿಗೆ ಡಿಜಿಟಲ್ ಪ್ರೇಷಕಗಳು ಬಂದಿವೆ, ಅವನ್ನು ಕೇಳುವ ಸೆಟ್ಟುಗಳು ಹಳ್ಳಿಗಳಿಗೆ ಬಂದಿಲ್ಲ. ನೆಲದ ಮೇಲೆ ಬಗ್ಗಿ ಸಾಗುವ ಮಧ್ಯಮ ತರಂಗದ ಜಾಗಕ್ಕೆ ನೇರ ದೃಷ್ಟಿಯಲ್ಲಿ ಸಾಗುವ ಎಫ್ಎಂ ಬಂದರೆ ಗುಡ್ಡದ ಮರೆಯ ಹಳ್ಳಿಗಳಿಗೆ ದನಿ ಕ್ಷೀಣವಾಗುತ್ತದೆ.

ಸಲಹೆ ಪಡೆಯಲು ಬೇರೆ ದಾರಿಗಳೂ ಇವೆ. 2004ರಿಂದ ಕಿಸಾನ್ ಕಾಲ್ ಸೆಂಟರ್ ಇದೆ, ಮಳೆಯ ಮುನ್ಸೂಚನೆಗೆ ರಾಜ್ಯದ ‘ವರುಣ ಮಿತ್ರ’ ಸಹಾಯವಾಣಿ ಇದೆ, ವಾಟ್ಸ್ಆ್ಯಪ್ ಗುಂಪುಗಳಿಗೆ ಲೆಕ್ಕವಿಲ್ಲ. ಅಡಿಕೆಯ ದರ ಕ್ಷಣಾರ್ಧದಲ್ಲಿ ಚನ್ನಗಿರಿಯ ಫೋನುಗಳನ್ನು ತಲುಪುತ್ತದೆ. ಅದರ ಜತೆ ಸುಳ್ಳು ಸುದ್ದಿಯೂ ಬರುತ್ತದೆ. ಹೆಸರು ಹೇಳಿಕೊಂಡು, ತಪ್ಪಾದರೆ ಹೊಣೆ ಹೊರುವ ಸಂಸ್ಥೆಯ ಮಾತು ಎಂಬ ಬೆಲೆ ಬಾನುಲಿಗೆ ಉಳಿದಿರುವುದು ಈ ಕಾರಣಕ್ಕೆ.

ಪುಣೆಯಿಂದ ಬೂದಿಕೋಟೆವರೆಗಿನ ದಾಖಲೆಯನ್ನು ಒಟ್ಟಿಗೆ ಇಟ್ಟು ನೋಡಿದರೆ ಬರುವ ತೀರ್ಮಾನ ಇದು. ಪ್ರೇಷಕದ ಶಕ್ತಿಗಿಂತ ಕೇಳುಗನ ಪ್ರಶ್ನೆ ನಿಲಯಕ್ಕೆ ಮರಳುವ ದಾರಿ ಎಷ್ಟು ಚಿಕ್ಕದು ಎಂಬುದರ ಮೇಲೆ ಬಾನುಲಿಯ ಅಭಿವೃದ್ಧಿ ಕಾರ್ಯ ನಿಂತಿದೆ. ಭತ್ತ, ಅಡಿಕೆಗಳ ಮೂರು ತಾಲ್ಲೂಕುಗಳಿಗೆ ಭದ್ರಾವತಿ ನಿಲಯದ ದೀರ್ಘ ಅನುಭವ ಬೆನ್ನಿಗಿದೆ. ಜಗಳೂರಿನಂಥ ಒಣ ಸೀಮೆಗೆ ಅದರದೇ ಮಣ್ಣಿನ ಬಗ್ಗೆ ಮಾತಾಡುವ, ತಾಂಡಾದ ಭಾಷೆಗೂ ಕಿವಿಗೊಡುವ ಸಣ್ಣ ಕೇಂದ್ರ ಹೆಚ್ಚು ಉಪಯುಕ್ತ. ಈಗಿರುವ ನೀತಿಯಂತೆ ಕಾಲೇಜುಗಳು, ಕೃಷಿ ವಿಜ್ಞಾನ ಕೇಂದ್ರಗಳು, ಕನಿಷ್ಠ ಮೂರು ವರ್ಷ ಸೇವೆ ಸಲ್ಲಿಸಿದ ನೋಂದಾಯಿತ ಸಂಸ್ಥೆಗಳು ಅಂಥ ಕೇಂದ್ರಕ್ಕೆ ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯಕ್ಕೆ ಅರ್ಜಿ ಸಲ್ಲಿಸಬಹುದು.